ಗೋಡೆ ಕ್ಯಾಲೆಂಡರಿನ ಓದು: ಕೆಲವು ತಾತ್ವಿಕ ನೆಲೆಗಳು

ಮೊಳೆಗೆ ನೇತುಬಿದ್ದ ಕ್ಯಾಲೆಂಡರನ್ನು ಒಂದು ಸಾಂಸ್ಕೃತಿಕ ಪಠ್ಯವಾಗಿ ಅನುಸಂಧಾನಿಸುವ ಜರೂರಿದೆ. ಈ ಹಿನ್ನೆಲೆಯಲ್ಲಿ ಪ್ರಸ್ತುತ ಪ್ರಬಂಧವು ‘ಇವತ್ತು ಎಷ್ಟನೇ ತಾರೀಖು?’ ಎಂಬ ಪ್ರಶ್ನೆಯ ಬಹುಮುಖಿ ನೆಲೆಗಳೊಂದಿಗೆ ಮುಖಾಮುಖಿಯಾಗಲು ಹವಣಿಸುತ್ತದೆ. ಉತ್ತರ ಹೇಳುವ ಉದ್ದೇಶ ಅದಕ್ಕಿಲ್ಲ.

ಮೊದಲಿಗೆ ಚೌಕದ ರಾಚನಿಕ ವಿನ್ಯಾಸ. ನಡುವೆ ದಪ್ಪ ಅಂಕಿ, ಅದರಡಿ ಇರುವೆ ಸಾಲಿನಂತೆ ತಿಥಿ, ನಕ್ಷತ್ರ, ಅವು ಮುಗಿಯುವ ಗಂಟೆ-ನಿಮಿಷ. ಇಲ್ಲಿ ಎರಡು ಕಾಲಪ್ರಜ್ಞೆಗಳ ಸಂಘರ್ಷವಿದೆಯೆಂದು ಸಂಶೋಧಕರು ಗುರುತಿಸತಕ್ಕದ್ದು. ತಾರೀಖು ನಡುರಾತ್ರಿಗೆ ಬದಲಾಗುತ್ತದೆ. ತಿಥಿ ಬದಲಾಗಬೇಕಾದರೆ ಚಂದ್ರ ಸೂರ್ಯನಿಂದ ಇನ್ನೂ 12 ಡಿಗ್ರಿ ದೂರ ಸರಿಯಬೇಕು. ಚಂದ್ರನ ನಡಿಗೆ ಒಂದೇ ಸಮನಿಲ್ಲ. ಹಾಗಾಗಿ ಒಂದು ತಿಥಿ 20 ಗಂಟೆಗೇ ಮುಗಿದೀತು, ಇನ್ನೊಂದು 26 ಗಂಟೆಯವರೆಗೂ ಎಳೆದೀತು. ಸೂರ್ಯ ಹುಟ್ಟುವಾಗ ಇದ್ದದ್ದೇ ಆ ದಿನದ ತಿಥಿ. ಎರಡು ಸೂರ್ಯೋದಯ ಕಂಡರೆ ವೃದ್ಧಿ, ಒಂದನ್ನೂ ಕಾಣದಿದ್ದರೆ ಕ್ಷಯ. ಇಷ್ಟನ್ನೂ ಅಜ್ಜಿಯರು ‘ಈ ಸಲ ಚೌತಿ, ಪಂಚಮಿ ಒಂದೇ ದಿನ ಬಂದಿದೆ ಕಣೇ’ ಎಂದು ಒಂದೇ ಉಸಿರಿಗೆ ಮುಗಿಸುವುದುಂಟು. ಅದಕ್ಕೆ ಸೈದ್ಧಾಂತಿಕ ಚೌಕಟ್ಟಿಲ್ಲವಾದ್ದರಿಂದ ಪರಿಗಣಿಸಿಲ್ಲ.

ಇನ್ನು ರಾಹುಕಾಲ. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆಂದು ಹಿಡಿದು, ಹಗಲನ್ನು ಎಂಟು ಪಾಲು ಮಾಡಿದರೆ ಒಂದೊಂದು ಪಾಲಿಗೆ ಒಂದೂವರೆ ಗಂಟೆ. ಸೋಮವಾರದ ಪಾಲು ಏಳೂವರೆಯಿಂದ ಒಂಬತ್ತು. ಜನವರಿಯಲ್ಲಿ ಬೆಂಗಳೂರಿನ ಸೂರ್ಯ 6.40 ದಾಟಿದ ಮೇಲೆ ಏಳುತ್ತಾನೆ. ರಾಹು ಮಾತ್ರ ಅಚ್ಚಾದ ಪಟ್ಟಿಯಂತೆ ಏಳೂವರೆಗೇ ಡ್ಯೂಟಿಗೆ ಹಾಜರು. ಇದನ್ನು ‘ಮುದ್ರಿತ ಕಾಲದ ಯಾಜಮಾನ್ಯ’ ಎನ್ನಬಹುದು. ಎಂದರೆ ಏನು ಬಂತು ಎಂದು ಸಭಿಕರು ಕೇಳಬಾರದು; ಊಟಕ್ಕೆ ತಡವಾಗುತ್ತದೆ.

ಯಾಜಮಾನ್ಯಕ್ಕೂ ಮಿತಿಯಿದೆ. ಮೇಘನಾದ ಸಾಹಾ ಸಮಿತಿಯ ಶಿಫಾರಸಿನಂತೆ ಭಾರತ ಸರ್ಕಾರ 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಿತು. ಗೆಜೆಟ್ಟಿನಲ್ಲಿ ಅದು ಅಚ್ಚಾಗುತ್ತದೆ. ಆ ಲೆಕ್ಕ ಹಿಡಿದು ಮನೆ ಬಾಡಿಗೆ ಕಟ್ಟಿದವರನ್ನು ಕಂಡವರಿಲ್ಲ.

ಓದುಗರನ್ನು ಐದು ವರ್ಗಗಳಾಗಿ ವಿಂಗಡಿಸಬಹುದು. ಒಂದು, ಕೆಂಪಕ್ಷರನಿಷ್ಠರು: ಡಿಸೆಂಬರಿನಲ್ಲೇ ಹೊಸ ಕ್ಯಾಲೆಂಡರ್ ಬಿಡಿಸಿ, ಯಾವ ಹಬ್ಬ ಭಾನುವಾರಕ್ಕೆ ಬಿದ್ದು ರಜೆ ನುಂಗಿತೆಂದು ಗೋಳಾಡುವವರು. ಎರಡು, ಏಕಾದಶಿ ದ್ವಂದ್ವವಾದಿಗಳು: ಸ್ಮಾರ್ತರದು ಇವತ್ತೋ, ವೈಷ್ಣವರದು ನಾಳೆಯೋ ಎಂದು ತರ್ಕಿಸುತ್ತ ಎರಡು ದಿನವೂ ಉಪ್ಪಿಟ್ಟು ತಿನ್ನುವವರು. ಉಳಿದ ಮೂರು ವರ್ಗಗಳಿಲ್ಲ. ಐದು ಎಂದರೆ ತೂಕ ಬರುತ್ತದೆಂದು ಹೇಳಿದ್ದಷ್ಟೆ.

ಅಸಲಿಗೆ ಕ್ಯಾಲೆಂಡರನ್ನು ದಿನಾ ಓದುವವರು, ಬರೆಯುವವರು ಅಡುಗೆಮನೆಯಲ್ಲಿದ್ದಾರೆ. ಅಲ್ಲಿನ ಚೌಕಗಳಲ್ಲಿ ‘ಹಾಲು ½ ಜಾಸ್ತಿ’, ‘ಗ್ಯಾಸ್ ಬಂತು’ ಎಂಬ ಬಾಲ್‌ಪೆನ್ನಿನ ಬರಹವಿರುತ್ತದೆ. ಜೊತೆಗೆ ಅಲ್ಲಲ್ಲಿ ಇಂಟು ಮಾರ್ಕು. ಅದು ಕೆಲಸದವಳು ಬಾರದ ದಿನ.

ಈ ಇಂಟುವಿನ ತಾತ್ವಿಕತೆಯ ಬಗ್ಗೆ ಯಾವ ಸಂಕಿರಣದಲ್ಲೂ ಯಾರೂ ಬಾಯಿಬಿಡುವುದಿಲ್ಲ. ಯುಗಾದಿಯ ಚೌಕ ಕೆಂಪು: ಮನೆಯವರಿಗೆಲ್ಲ ರಜೆ, ಒಬ್ಬಟ್ಟಿನ ಜಿಡ್ಡುಪಾತ್ರೆ ತಿಕ್ಕುವವಳಿಗೆ ಎರಡರಷ್ಟು ಕೆಲಸ. ಬಾರದಿದ್ದರೆ ಕೆಂಪಿನ ಮೇಲೊಂದು ನೀಲಿ ಇಂಟು. ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ವಾರದ ರಜೆ ಕೇಳಿದರೆ ಈಗಲೂ ‘ಭಾನುವಾರ ಸ್ವಲ್ಪ ಲೇಟಾಗಿ ಬಾ’ ಎಂಬುದೇ ಔದಾರ್ಯ. ತಿಂಗಳ ಕೊನೆಗೆ ಓದು ಬಲು ಸೂಕ್ಷ್ಮವಾಗುತ್ತದೆ. ಮೂರು ಸಾವಿರವನ್ನು 30ರಿಂದ ಭಾಗಿಸು, ನಾಲ್ಕು ಇಂಟುವಿಗೆ ನಾನೂರು ಮುರಿದುಕೋ. ಸರಿ, ಹಾಗಾದರೆ 31ನೇ ತಾರೀಖು ದುಡಿದದ್ದಕ್ಕೆ ನೂರು ರೂಪಾಯಿ ಸೇರಿಸಬೇಕಲ್ಲ? ಆಗ ಭಾಗಾಕಾರ ಮರೆತುಹೋಗಿ, ತಿಂಗಳೆಂದರೆ ತಿಂಗಳು ಅಂತಾಗುತ್ತದೆ. 31 ದಿನದ ತಿಂಗಳು ವರ್ಷಕ್ಕೆ ಏಳು. ಫೆಬ್ರವರಿಯಲ್ಲಿ ಕಮ್ಮಿಯಾದ ಎರಡು ದಿನ ಕಳೆದರೂ ಐದು ದಿನದ ಕೂಲಿ ಅವಳಿಗೆ ಬಾಕಿ.