ಕಾಲಡಿಯ ಖಾತೆ

ನಮ್ಮ ಮನೆಗೆ ಕಾರು ಬಂದಾಗ ಖಾತೆ ಹಂಚಿಕೆ ಯಾವ ಭಿನ್ನಮತವೂ ಇಲ್ಲದೆ ಮುಗಿಯಿತು. ಇಂಜಿನ್ನು, ಮೈಲೇಜು ಮಗನಿಗೆ. ಬಣ್ಣ ಅವನಮ್ಮನಿಗೆ. ಕಂತು ಎಷ್ಟು, ಎಷ್ಟು ವರ್ಷ ಎಂಬುದು ಬ್ಯಾಂಕಿನವರಿಗೆ. ನನ್ನ ಪಾಲಿಗೆ ಉಳಿದದ್ದು ಮ್ಯಾಟು. "ಅಪ್ಪಾ, ನೀವು ನೆಲಕ್ಕೆ ಏನಾದ್ರೂ ಹಾಕಿಸ್ಕೊಂಡು ಬಂದ್ಬಿಡಿ" ಎಂದು ಮಗ ಹೇಳಿದ ಧಾಟಿಯಲ್ಲಿ, ಇದರಲ್ಲಿ ಇವರು ಕೆಡಿಸುವಂಥದ್ದು ಹೆಚ್ಚೇನೂ ಇಲ್ಲ ಎಂಬ ನೆಮ್ಮದಿ ಇತ್ತು. ಖಾತೆ ಸಣ್ಣದಾದರೇನು, ಮಂತ್ರಿ ಮಂತ್ರಿಯೇ. ನಾನು ಕಡತ ತರಿಸಿಕೊಂಡು ಅಧ್ಯಯನಕ್ಕೆ ಕೂತೆ.

ಕಾರಿನ ಕಾರ್ಪೆಟ್ಟೆಂದರೆ ಮದುವೆಮನೆಯ ಜಮಖಾನವಲ್ಲ, ಇಬ್ಬರು ಎರಡು ತುದಿ ಹಿಡಿದು ಕೊಡವಿ ಮಡಚಿಡುವುದಕ್ಕೆ. ನೈಲಾನ್ ಅಥವಾ ಪಾಲಿಯೆಸ್ಟರ್ ಹಾಸನ್ನು ಬಿಸಿ ಮಾಡಿ ಅಚ್ಚಿಗೆ ಒತ್ತಿ, ಆಯಾ ಕಾರಿನ ನೆಲದ ಉಬ್ಬುತಗ್ಗಿಗೆ ಸರಿಯಾಗಿ ಕೂರುವಂತೆ ಮಾಡಿರುತ್ತಾರೆ. ಅದರ ಅಡಿಯಲ್ಲಿ ಸದ್ದು ಹೀರಿಕೊಳ್ಳಲು ಫೆಲ್ಟಿನದೋ ಫೋಮಿನದೋ ದಪ್ಪ ಪದರ. ಅದರಡಿ ವೈರುಗಳ ಓಡಾಟ. ಪೂರಾ ತೆಗೆಯಬೇಕೆಂದರೆ ಸೀಟು ಬಿಚ್ಚಬೇಕು, ಗೇರಿನ ಸುತ್ತಲಿನ ಪ್ಲಾಸ್ಟಿಕ್ಕು ಬಿಚ್ಚಬೇಕು. ಬಿಚ್ಚಿದ್ದನ್ನೆಲ್ಲ ಮತ್ತೆ ಕೂರಿಸುವ ಮೆಕ್ಯಾನಿಕ್ಕು ಸಿಗಬೇಕು. ಮೇಲಿನ ಕಾರ್ಪೆಟ್ಟು ಒಂದು ಬಿಸಿಲಿಗೆ ಒಣಗೀತು. ಅಡಿಯ ಫೋಮು ಕುಡಿದ ನೀರನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೊದಲು ಮುಗ್ಗಲು ವಾಸನೆ, ಹಾಗೇ ಬಿಟ್ಟರೆ ಕೆಳಗಿನ ತಗಡಿಗೆ ತುಕ್ಕು. ಈ ವಾಸನೆ ಬಂದಾಗ ನಾವು ಮೊದಲು ಅನುಮಾನಿಸುವುದು ಎಸಿಯನ್ನು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಬಂದ ನೆಂಟರನ್ನು. ಫೋಮಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಬೆಂಗಳೂರಿನಲ್ಲೇ ಓಡಿಸಿಕೊಂಡಿರುವವರಿಗೆ ಇದು ದೊಡ್ಡ ಚಿಂತೆಯಲ್ಲ. ಇಲ್ಲಿನ ಕಾರುಗಳು ಬೇಸ್‌ಮೆಂಟಿನಿಂದ ಹೊರಟು ಬೇಸ್‌ಮೆಂಟಿಗೆ ಹೋಗುತ್ತವೆ. ನಡುವೆ ಸಿಗ್ನಲ್ಲಿನಲ್ಲಿ ನಿಲ್ಲುತ್ತವೆ. ನಮ್ಮ ಊರು ಸಾಗರದ ಕಡೆ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಅಂಗಳದಿಂದ ಕಾರಿನ ಬಾಗಿಲಿಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪ್ರತಿ ಚಪ್ಪಲಿಯೂ ಒಂದೊಂದು ಹಿಡಿ ಊರನ್ನು ಹೊತ್ತುಕೊಂಡಿರುತ್ತದೆ. ಆ ಮಣ್ಣಿನ ಕೆಂಪು ಕಬ್ಬಿಣದ್ದು, ತುಕ್ಕಿನ ಜಾತಿಯದು. ಸೋಪು ಹಾಕಿ ತಿಕ್ಕಿದರೆ ಒಂದಿಷ್ಟು ಮಣ್ಣು ಹೋಗುತ್ತದೆ, ಕೆಂಪು ಉಳಿಯುತ್ತದೆ. ಬ್ಲೀಚು ಹಾಕಿದರೆ ಕಾರ್ಪೆಟ್ಟಿನ ಸ್ವಂತ ಬಣ್ಣ ಹೋಗಬಹುದೇ ಹೊರತು ಮಣ್ಣಿನದಲ್ಲ. ಇದರ ಮೇಲೆ ಬಾಳೆಗೊನೆಯ ಸೊನೆ, ಸೋರುವ ಉಪ್ಪಿನಕಾಯಿ ಡಬ್ಬಿ, "ಬರೀ ಅರ್ಧ ಮೂಟೆ, ಕಾಲ ಹತ್ರ ಇಟ್ಕಳಿ" ಎಂದು ಕೊನೆಗಳಿಗೆಯಲ್ಲಿ ಒಳಗೆ ಬರುವ ಹಸಿ ಅಡಿಕೆ. ಊರಿನಿಂದ ಬರಿಗೈಯಲ್ಲಿ ವಾಪಸಾದ ಕಾರನ್ನು ನಾನಂತೂ ಕಂಡಿಲ್ಲ.

ಹಳೇ ಜೀಪುಗಳಿಗೆ ಈ ರಗಳೆ ಇರಲಿಲ್ಲ. ಬರೀ ತಗಡಿನ ನೆಲ. ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ನಾಲ್ಕು ಕೊಡ ನೀರು ಸುರಿದರೆ ಮುಗಿಯಿತು. 2020ರಲ್ಲಿ ಹೊಸ ಥಾರ್ ಬಂದಾಗ ಒಳಗೆ ತೊಳೆಯಬಹುದಾದ ನೆಲ, ನೀರು ಹರಿದುಹೋಗಲು ಬಿರಡೆ ಹಾಕಿದ ತೂತು ಇದೆಯೆಂದು ಹೆಮ್ಮೆಯಿಂದ ಹೇಳಿಕೊಂಡರು. ಮೊದಲು ಬಡತನದಲ್ಲಿದ್ದದ್ದೇ ಈಗ ಸೌಲಭ್ಯಗಳ ಪಟ್ಟಿಗೆ ಸೇರಿದೆ. ಇರಲಿ.

ಜೆ.ಸಿ. ರಸ್ತೆಯನ್ನು ನಾನು ಬಲ್ಲದ್ದು ರವೀಂದ್ರ ಕಲಾಕ್ಷೇತ್ರದ ನಾಟಕಗಳ ದೆಸೆಯಿಂದ. ಅಲ್ಲಿಂದ ಮಿನರ್ವ ಸರ್ಕಲ್ಲಿನ ದಿಕ್ಕಿಗೆ ನಡೆದರೆ ಸಾಲಾಗಿ ಕಾರಿನ ಸಾಮಾನಿನ ಅಂಗಡಿಗಳು, ಸೀಟ್ ಕವರಿನ ಹೊಲಿಗೆಯವರು, ರಸ್ತೆಗೇ ಇಳಿದು ಕಾರು ನಿಲ್ಲಿಸಿ "ಏನ್ ಬೇಕು ಸಾರ್?" ಎಂದು ಕರೆಯುವ ಹುಡುಗರು. ಹುಡುಗನೊಬ್ಬ ನನ್ನನ್ನು ಗೆದ್ದು ಒಳಗೆ ಕರೆದೊಯ್ದ.

"ಸೆವೆನ್ ಡಿ ಹಾಕ್ಬಿಡಿ ಸಾರ್. ಎಲ್ಲಾರೂ ಅದೇ ಹಾಕ್ಸ್ತಾರೆ."

ಉದ್ದ, ಅಗಲ, ಎತ್ತರ. ಕಾಲವನ್ನೂ ಸೇರಿಸಿಕೊಂಡು ಐನ್‌ಸ್ಟೈನ್ ನಾಲ್ಕಕ್ಕೆ ನಿಲ್ಲಿಸಿದ್ದ. ಮಿಕ್ಕ ಮೂರು ಯಾವುವೆಂದು ಕೇಳಿದೆ. ಹುಡುಗ ಕ್ಷಣವೂ ತಡೆಯದೆ, "ನೈನ್ ಡಿನೂ ಐತೆ ಸಾರ್" ಎಂದ. ಕೈಗೆ ಬಂದದ್ದು ಚೌಕುಳಿ ಹೊಲಿಗೆಯ ರೆಕ್ಸಿನ್ನು, ಒಳಗೆ ಫೋಮು. ನೋಡಲು ಸೋಫಾದ ಬೆನ್ನನ್ನೇ ಕಿತ್ತು ನೆಲಕ್ಕೆ ಹಾಸಿದಂತೆ ಬಲು ಗತ್ತಿನದು. ಮೂಲೆಮೂಲೆಯನ್ನೂ ಮುಚ್ಚುತ್ತದೆ, ಅದು ನಿಜ. ಆದರೆ ಹೊಲಿಗೆಯೆಂದರೆ ಸಾಲು ಸಾಲು ತೂತು, ತೂತಿನಡಿ ಮತ್ತೆ ಫೋಮು. ಒಂದು ಫೋಮನ್ನು ಕಾಯಲು ಇನ್ನೊಂದು ಫೋಮೇಕೆ ಎಂಬ ನನ್ನ ಪ್ರಶ್ನೆ ಆ ಅಂಗಡಿಯಲ್ಲಿ ಯಾರನ್ನೂ ಕಾಡಲಿಲ್ಲ.

ಮುಂದೆ ಬಂದದ್ದು ನೂಡಲ್ಸ್ ಮ್ಯಾಟು. ಪಿವಿಸಿಯ ಎಳೆಗಳು ಶಾವಿಗೆಯಂತೆ ಸುರುಳಿಸುತ್ತಿಕೊಂಡಿರುವುದು. ಮಣ್ಣು, ಕಡಲೆಕಾಯಿ ಸಿಪ್ಪೆ, ಚಿಲ್ಲರೆ ಕಾಸು, ಎಲ್ಲವೂ ಸಂದಿಯಲ್ಲಿ ಇಳಿದು ಮೇಲೆ ಸದಾ ಚೊಕ್ಕಟವಾಗಿ ಕಾಣುತ್ತದೆ. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು, ನಾನು ಸೋಮಾರಿಯೂ ಹೌದು. ಆದರೆ ತೊಳೆದಮೇಲೆ ಒಣಗಲು ಬಿಸಿಲು ಬೇಕು. ನಮ್ಮೂರಿನ ಆಷಾಢದಲ್ಲಿ ಬಿಸಿಲನ್ನು ಎಲ್ಲಿಂದ ತರುವುದು?

ಕೊನೆಗೆ ಮೂಲೆಯಿಂದ, ಯಾರೂ ಕೇಳದ್ದೆಂಬಂತೆ, ಕಪ್ಪನೆಯ ತಟ್ಟೆಗಳನ್ನು ಹೊರತೆಗೆದ. ಟಿಪಿಇ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕು, ನಮ್ಮ ಮಾದರಿಯ ಕಾರಿನ ಅಳತೆಗೇ ಅಚ್ಚು ಹಾಕಿದ್ದು, ಸುತ್ತಲೂ ಎದ್ದುನಿಂತ ಅಂಚು. ಪಿವಿಸಿಯಷ್ಟು ವಾಸನೆ ಇಲ್ಲ. ಕೆಸರು ಅದರಲ್ಲೇ ನಿಲ್ಲುತ್ತದೆ. ಎತ್ತಿ ಹೊರಗೆ ಚೆಲ್ಲಿ, ಒರೆಸಿ, ಮತ್ತೆ ಇಟ್ಟರಾಯಿತು. ಚೆಂದ ಎನ್ನಲು ಅದರಲ್ಲಿ ಏನೂ ಇಲ್ಲ. ನನಗೆ ಅದೇ ಹಿಡಿಸಿತು.

"ಡ್ರೈವರ್ ಕಡೆ ಕೊಕ್ಕೆ ಹಾಕ್ತೀರಾ?" ಎಂದೆ. ಹುಡುಗ, "ಅದೇನ್ ಬೇಡ ಸಾರ್, ಹಂಗೇ ಹಳೇದ್ರ ಮೇಲೆ ಕೂತ್ಕೊಳುತ್ತೆ" ಎಂದ. ಇಲ್ಲಿ ಮಾತ್ರ ನಾನು ಮಂತ್ರಿಗಿರಿ ಚಲಾಯಿಸಿದೆ. ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ಹಾಸುವುದು, ಬೇರೆ ಕಾರಿನದನ್ನು ಇದಕ್ಕೆ ಹೊಂದಿಸುವುದು ನಮ್ಮಲ್ಲಿ ಸಾಮಾನ್ಯ. 2009ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಡೀಲರಿನಿಂದ ಎರವಲು ಪಡೆದಿದ್ದ ಒಂದು ಲೆಕ್ಸಸ್ ಕಾರು ನಿಲ್ಲದೆ ಓಡಿ ನಾಲ್ಕು ಜನ ತೀರಿಕೊಂಡರು. ಅದರಲ್ಲಿ ಹಾಸಿದ್ದದ್ದು ಬೇರೊಂದು ಮಾದರಿಯ ರಬ್ಬರ್ ಮ್ಯಾಟು. ಎಕ್ಸಲರೇಟರ್ ಪೆಡಲು ಅದಕ್ಕೆ ಸಿಕ್ಕಿಕೊಂಡಿತ್ತು. ಆಮೇಲೆ ಟೊಯೊಟಾದವರು ಅಲ್ಲಿ ಸುಮಾರು 38 ಲಕ್ಷ ಗಾಡಿಗಳ ಮಾಲೀಕರಿಗೆ, ಮೊದಲು ಡ್ರೈವರ್ ಕಡೆಯ ಮ್ಯಾಟು ತೆಗೆಯಿರಿ ಎಂದು ಹೇಳಬೇಕಾಯಿತು. ಕಾರ್ಪೆಟ್ಟು ಉಳಿಸುವ ಕೆಲಸದಲ್ಲಿ ನಗಲಾಗದ ಭಾಗ ಇದೊಂದೇ. ಹಳೆಯದನ್ನು ತೆಗೆಸಿ, ಕೊಕ್ಕೆ ಸಿಕ್ಕಿಸಿ, ಪೆಡಲುಗಳನ್ನು ಪೂರ್ತಿ ಒತ್ತಿ ನೋಡಿಯೇ ದುಡ್ಡು ಕೊಟ್ಟೆ. ಹುಡುಗ ನನ್ನನ್ನು ಇಂಥವರೂ ಇರುತ್ತಾರೆ ಎಂಬಂತೆ ನೋಡಿದ.

ಮಳೆಗಾಲದಲ್ಲಿ ಊರಿಗೆ ಹೋದಾಗ ಅತ್ತೆಯನ್ನು, ಎಂದರೆ ಅಪ್ಪನ ತಂಗಿಯನ್ನು, ಶಿವಮೊಗ್ಗದ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೊರಟೆ. ಗದ್ದೆಬದಿಯ ದಾರಿ, ಮಣ್ಣು ಚೆನ್ನಾಗಿ ಕಲಸಿತ್ತು. ನನ್ನ ತಟ್ಟೆಗಳು ಇಂಥದ್ದೊಂದು ದಿನಕ್ಕಾಗಿಯೇ ಕಾದಿದ್ದವು. ಹಿಂದಿನ ಬಾಗಿಲು ತೆರೆದು, "ಕೆಸರಾದ್ರೆ ಆಗ್ಲಿ ಅತ್ತೆ, ಧಾರಾಳವಾಗಿ ಕಾಲಿಡಿ" ಎಂದೆ. ಅತ್ತೆ ಹತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಶಾಲು ಹೊದ್ದುಕೊಂಡರು. ಆನಂದಪುರ ದಾಟಿ, ಕಾಫಿಗೆಂದು ನಿಲ್ಲಿಸಿ ಬಾಗಿಲು ತೆಗೆದರೆ ತಟ್ಟೆಯ ಮೇಲೆ ಕೆಸರಿನ ಒಂದು ಚುಕ್ಕೆಯೂ ಇಲ್ಲ. ಅತ್ತೆ ಕಾಲು ಕೆಳಗಿಳಿಸಿ ಏನೋ ತಡಕಾಡುತ್ತಿದ್ದರು.

"ಚಪ್ಪಲಿ ಎಲ್ಲಿ ಅತ್ತೆ?"

"ಹತ್ತುವಾಗ ಬಿಟ್ಟೆನಲ್ಲ, ಬಾಗಿಲ ಹತ್ರ" ಎಂದರು. "ಇಷ್ಟು ಚೆಂದಕ್ಕೆ ಹಾಸಿಟ್ಟಿದೀಯ, ಚಪ್ಪಲಿ ಮೆಟ್ಕಂಡು ಹತ್ತಕ್ಕೆ ಆಗ್ತದೇನ ಮಾರಾಯ?"

ಆಸ್ಪತ್ರೆಗೆ ಹೋಗುವ ಮೊದಲು ಗಾಂಧಿ ಬಜಾರಿನಲ್ಲಿ ಹವಾಯಿ ಚಪ್ಪಲಿ ಕೊಡಿಸಿದೆ. ಹಳೆಯದರ ಎಡಗಾಲಿನದು ಸಂಜೆ ಮನೆ ಮುಂದೆಯೇ ಸಿಕ್ಕಿತು. ಬಲಗಾಲಿನದಕ್ಕಾಗಿ ಪಕ್ಕದ ಮನೆಯ ನಾಯಿಯನ್ನು ವಿಚಾರಿಸಬೇಕಿತ್ತು.