ತಮ್ಮಲೆಯ ಲೆಕ್ಕ

ಮಂಗಳೂರಿನಲ್ಲಿ ತುಳುವರ ಮನೆಯಲ್ಲಿ ಹುಡುಗಿಯ ಮದುವೆ ನಿಶ್ಚಯವಾದ ಮರುದಿನ ಬೆಳಿಗ್ಗೆಯೇ ಒಬ್ಬರು ಕಂಕುಳಲ್ಲಿ ಹಳೆಯ ಡೈರಿ ಇಟ್ಟುಕೊಂಡು ಬಂದು ಕೂರುತ್ತಾರೆ. ಸೋದರಮಾವ, ತುಳುವಿನಲ್ಲಿ ತಮ್ಮಲೆ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಕಾಲದಲ್ಲಿ ಮನೆಯ ಯಜಮಾನಿಕೆಯೇ ಇವರದಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಯಜಮಾನಿಕೆ ನಡೆಸಲು ಉಳಿದದ್ದು ಮದುವೆಯ ಖರ್ಚೊಂದೇ.

“ಆಟಿ ತಿಂಗಳಲ್ಲಿ ಇಡುವ. ಹಾಲ್ ಎಲ್ಲ ಖಾಲಿ ಬಿದ್ದಿರ್ತದೆ, ಕೇಳಿದ ರೇಟಿಗೆ ಕೊಡ್ತಾರೆ.”

“ಆಟಿಯಲ್ಲಿ ಮದುಮಗಳನ್ನು ತವರಿಗೆ ಕರೆಸುದು ಅಣ್ಣ, ಕಳಿಸುದಲ್ಲ.”

“ಹಾಗಾದ್ರೆ ಧರ್ಮಸ್ಥಳ. 1972ರಿಂದ ಸಾಮೂಹಿಕ ವಿವಾಹ ಆಗ್ತಾ ಉಂಟು. ತಾಳಿ, ಸೀರೆ ಅವರದ್ದೇ.”

ತಂಗಿ ಚಾದ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಲೋಟದಲ್ಲಿ ಇನ್ನೂ ಅರ್ಧ ಚಾ ಇರುತ್ತದೆ.

ಮಲ್ಲಿಗೆಯ ವಿಷಯದಲ್ಲಿ ತಮ್ಮಲೆ ಪಂಡಿತರು. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದರ ನಿಗದಿಯಾಗುವುದು ಶಂಕರಪುರದಲ್ಲಿ. ಸೀಸನಿನಲ್ಲಿ ಅಟ್ಟೆಯ ದರದ ಜೊತೆ ಇವರ ಬಿಪಿಯೂ ಏರುತ್ತದೆ. ಹಂಪನಕಟ್ಟೆಯಲ್ಲಿ ಹೂವಿನವನ ಜೊತೆ ಮುಕ್ಕಾಲು ಗಂಟೆ ಜಗ್ಗಾಡಿ 50 ರೂಪಾಯಿ ಇಳಿಸುತ್ತಾರೆ. ಹೂ ಬಾಡಬಾರದೆಂದು 120 ಕೊಟ್ಟು ರಿಕ್ಷಾದಲ್ಲಿ ಬರುತ್ತಾರೆ. ಡೈರಿಯ ‘ಉಳಿತಾಯ’ದಲ್ಲಿ 50 ಬೀಳುತ್ತದೆ. ರಿಕ್ಷಾ ಬಾಡಿಗೆ ‘ಇತರೆ’ಗೆ. (ಮುನ್ನಾದಿನದ ಮೆಹಂದಿಗೆ ಡಿಜೆ, ಕೋಳಿ ಸುಕ್ಕ, ಬಾಟಲಿ ಸೇರಿ ಮದುವೆಗಿಂತ ಜಾಸ್ತಿ ಬೀಳುತ್ತದೆ. ಅದು ಮಕ್ಕಳ ಇಲಾಖೆ, ಡೈರಿಗೆ ಬರುವುದಿಲ್ಲ.)

ಇಂಥವರ ಕೈಚಳಕದ ತುತ್ತತುದಿ ಕಂಡದ್ದು ನೆರೆಮನೆಯ ಮದುವೆಯಲ್ಲಿ. ಒಳ್ಳೆಯ ಮುಹೂರ್ತದ ದಿನ ನಮಗೆಲ್ಲ ಮೂರು ನಾಲ್ಕು ಕಡೆ ಹೇಳಿಕೆ ಇರುತ್ತದೆ. ಒಂದು ಹಾಲ್‌ನಲ್ಲಿ ಕವರ್, ಇನ್ನೊಂದರಲ್ಲಿ ಊಟ. ಎಲ್ಲಿ ಕವರ್, ಎಲ್ಲಿ ಊಟ ಎಂದು ತೀರ್ಮಾನಿಸುವುದು ಅಡುಗೆ. ನೆರೆಮನೆಯ ತಮ್ಮಲೆ ಈ ಸೂಕ್ಷ್ಮ ಹಿಡಿದು, ಅದೇ ನೆಂಟರ ಬಳಗದ ದೊಡ್ಡ ಕುಳವೊಂದರ ಮದುವೆಯ ದಿನವನ್ನೇ ಗೊತ್ತು ಮಾಡಿಸಿದರು.

“ಅಲ್ಲಿ ಕೋರಿರೊಟ್ಟಿ, ಅಂಜಲ್ ಫ್ರೈ ಉಂಟಂತೆ. ನಮ್ಮದು ಸಸ್ಯಾಹಾರ. ಇಲ್ಲಿ ಅಕ್ಷತೆ ಹಾಕಿ ಊಟಕ್ಕೆ ಅಲ್ಲಿಗೆ ಓಡ್ತಾರೆ. ಎಂಟುನೂರು ಜನಕ್ಕೆ ಹೇಳಿದ್ರೂ ನಾನೂರು ಎಲೆ ಧಾರಾಳ.”

ಲೆಕ್ಕದಲ್ಲಿ ತಪ್ಪಿರಲಿಲ್ಲ, ಪಾರ್ಕಿಂಗ್ ಒಂದು ಬಿಟ್ಟುಹೋಗಿತ್ತು. ದೊಡ್ಡ ಹಾಲ್‌ನ ಗೇಟಿನಿಂದ ಕಾರುಗಳ ಸಾಲು ನಂತೂರು ಮುಟ್ಟಿತಂತೆ. ಹೋದವರೆಲ್ಲ ಕಾರು ತಿರುಗಿಸಿ ಇಲ್ಲಿಗೇ ಬಂದರು: ಸಾರು ಅನ್ನವಾದರೇನು, ಗಾಡಿ ಇಡಲು ಜಾಗ ಉಂಟಲ್ಲ! ಎರಡನೇ ಪಂಕ್ತಿಗೆ ಎಲೆ ಮುಗಿಯಿತು. ತಮ್ಮಲೆ ಸ್ಕೂಟರ್ ಹತ್ತಿ ಓಡಿದರು. ಮುಕ್ಕಾಲು ಗಂಟೆ ಬಿಟ್ಟು ಎಲೆಯ ಕಟ್ಟಿನೊಂದಿಗೆ ಬಂದವರೇ ಊಟದ ಬಾಗಿಲಲ್ಲಿ ನಿಂತು, ಹೊರಟವರ ಕೈ ಹಿಡಿದೆಳೆದರು. “ಉಣ್ಣದೆ ಹೋದ್ರೆ ನಿಮ್ಮಲ್ಲಿ ಮಾತಾಡುದಿಲ್ಲ ನಾನು!” ಪಾಯಸ ಬೇಡವೆಂದವರ ಎಲೆಗೆ ತಾವೇ ಸೌಟು ಬಗ್ಗಿಸಿದರು.

ನಾಲ್ಕು ಗಂಟೆಗೆ ಮನೆಯವರ ಪಂಕ್ತಿ. ಪಾಪ, ಬೆಳಿಗ್ಗೆಯಿಂದ ಹಸಿದಿದ್ದಾರೆಂದು ನನ್ನ ಪಕ್ಕದಲ್ಲೇ ಕೂರಲು ಕರೆದೆ.

“ನಂದಾಯ್ತು ಮಾರಾಯ್ರೆ,” ಎಂದರು ತಗ್ಗಿದ ದನಿಯಲ್ಲಿ. “ಎಲೆ ತರ್ಲಿಕ್ಕೆ ಹೋದವ ಅಲ್ಲಿಗೂ ಹೋಗಿ ಬಂದೆ. ಸ್ಕೂಟರಿಗೆ ಜಾಗ ಇತ್ತು. ಅಂಜಲ್ ಭಾರೀ ಒಳ್ಳೆದಿತ್ತು.”

ಮತ್ತೆ ಡೈರಿ ತೆಗೆದು ‘ಉಳಿತಾಯ’ದ ಕೆಳಗೆ ಬರೆದರು: ಎಲೆ, 1.