ಸೀಟಪ್ಪ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದೀಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ನಮ್ಮ ಬೀದಿಗೂ ಆಫೀಸಿಗೂ ಅವನು ಸೀಟಪ್ಪ. ಗಂಡನ ಹೆಸರು ಹೇಳಬಾರದೆನ್ನುವ ಶಾಸ್ತ್ರ ಅವನ ಹೆಂಡತಿಗೂ ಹೀಗೆ ಸಲೀಸಾಗಿ ದಕ್ಕಿದೆ. ಚುನಾವಣೆಗೆ ಸೀಟು ಹುಡುಕುವವರನ್ನು ನೋಡಿದ್ದೇನೆ, ಸಿಇಟಿ ಬರೆದು ಸೀಟು ಹುಡುಕುವವರನ್ನೂ ನೋಡಿದ್ದೇನೆ. ಅವರದೆಲ್ಲ ಒಂದು ತಾರೀಖಿಗೆ ಇತ್ಯರ್ಥವಾಗುತ್ತದೆ. ಸೀಟಪ್ಪನದು ನಾಲ್ಕು ವರ್ಷದಿಂದ ನಡೆಯುತ್ತಲೇ ಇದೆ. ಅವನಿಗೆ ಬೇಕಾಗಿರುವುದು ಬೈಕಿನ ಸೀಟು.

ಶುರುವಾದದ್ದು ಚಿಕ್ಕಮಗಳೂರಿನ ದಾರಿಯಲ್ಲಿ. ಹೊಸ ಕ್ಲಾಸಿಕ್ 350 ತಂದ ವಾರವೇ ಹೊರಟ. ನೆಲಮಂಗಲದವರೆಗೆ ರಾಜಗಾಂಭೀರ್ಯ. ಕುಣಿಗಲ್ಲಿನಲ್ಲಿ ಸ್ವಲ್ಪ ಸರಿದು ಕೂತ. ಯಡಿಯೂರಿನಿಂದಾಚೆ ಒಂದು ಮಗ್ಗುಲಿಗೆ ಕೂತ, ಆಮೇಲೆ ಇನ್ನೊಂದು ಮಗ್ಗುಲಿಗೆ. ಚನ್ನರಾಯಪಟ್ಟಣ ದಾಟುವಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತೇ ಓಡಿಸುತ್ತಿದ್ದ. ಹಾಸನದ ಹೋಟೆಲಿನಲ್ಲಿ ಮಸಾಲೆದೋಸೆಯನ್ನು ನಿಂತೇ ತಿನ್ನುತ್ತಿದ್ದವನನ್ನು ಕಂಡು ಸಪ್ಲೈಯರ್ ಕನಿಕರದಿಂದ, "ಸೀಟ್ ಖಾಲಿ ಇದೆ ಸಾರ್, ಕೂತ್ಕೊಳಿ" ಎಂದನಂತೆ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಮೇಲೆ ಸಂಸಾರಗಳೇ ಧರ್ಮಸ್ಥಳಕ್ಕೆ ಹೋಗಿಬಂದಿವೆ. ಟ್ಯಾಂಕಿನ ಮೇಲೊಂದು ಮಗು, ಅಮ್ಮನ ತೊಡೆಯ ಮೇಲೊಂದು. ಅವರಿಗೆ ಯಾರಿಗೂ ನೋಯಲಿಲ್ಲವೆಂದಲ್ಲ, ಹೇಳಿಕೊಳ್ಳುವಂಥ ಜಾಗ ಅದಲ್ಲವೆಂದು ಸುಮ್ಮನಿದ್ದರು. ಸೀಟಪ್ಪನೂ ಆ ಜಾಗದ ಹೆಸರು ಎತ್ತುವುದಿಲ್ಲ. 'ಪ್ರೆಶರ್ ಪಾಯಿಂಟ್' ಎನ್ನುತ್ತಾನೆ. ತೀರಾ ಸಲುಗೆಯಿದ್ದವರ ಹತ್ತಿರ 'ಬ್ಯಾಕ್'. ಅಮೆರಿಕದಲ್ಲಿ ಐರನ್ ಬಟ್ ಅಸೋಸಿಯೇಷನ್ ಎಂಬ ಸಂಘವೇ ಇದೆ. 24 ಗಂಟೆಯೊಳಗೆ 1000 ಮೈಲಿ, ಅಂದರೆ 1600 ಕಿಲೋಮೀಟರಿಗೂ ಮೇಲೆ ಓಡಿಸಿ ಪುರಾವೆ ಕೊಟ್ಟವರಿಗೆ ಸರ್ಟಿಫಿಕೇಟು ಕೊಡುತ್ತಾರೆ. ಅದನ್ನು ತೂಗುಹಾಕಲು ಸೀಟಪ್ಪನ ಮನೆಯ ಗೋಡೆಯಲ್ಲಿ ಮೊಳೆ ಹೊಡೆದಾಗಿದೆ. "ಐರನ್ ಬಟ್ ಅಂದ್ರೆ ಏನೋ?" ಎಂದು ಅವನಮ್ಮ ಕೇಳಿದಾಗ, "ಕಬ್ಬಿಣದಂಥ ಛಲ ಅಂತಮ್ಮ" ಎಂದ.

ಮೊದಲು ಬಂದದ್ದು ಜೆಲ್ ಸೀಟು. ಅಂಗಡಿಯಲ್ಲಿ ಬೆರಳಿಂದ ಒತ್ತಿದರೆ ಕೇಸರಿಬಾತಿನ ಹಾಗೆ ಒಳಕ್ಕೆ ಹೋಗಿ ಮೇಲಕ್ಕೆ ಬರುತ್ತಿತ್ತು. ಆದರೆ ಜೆಲ್ ಬಿಸಿಲನ್ನು ಕುಡಿದು ಇಟ್ಟುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಆಫೀಸಿನಿಂದ ಇಳಿದುಬಂದ ಸೀಟಪ್ಪ, ಕಾವಲಿ ಕಾದಿದೆಯೇ ಎಂದು ನೋಡುವವರ ಹಾಗೆ ಸೀಟಿಗೆ ನೀರು ಚಿಮುಕಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಎರಡನೆಯದು ಹತ್ತಿಯಂಥ ಫೋಮಿನದು, ಎರಡಿಂಚು ದಪ್ಪ ಜಾಸ್ತಿ. ಕಂಪನಿ ಕೊಟ್ಟ ಸೀಟಿನ ಎತ್ತರ 805 ಮಿಲಿಮೀಟರ್, ಸೀಟಪ್ಪನ ಎತ್ತರ ಐದಡಿ ನಾಲ್ಕಿಂಚು. ಎರಡಿಂಚು ಏರಿದ ಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ತುದಿಗಾಲಿನ ಭರತನಾಟ್ಯ.

ಆಗ ಯಾರೋ ಜೆ.ಸಿ. ರಸ್ತೆಯ ಒಂದು ಸಂದಿಯ ಮೇಸ್ತ್ರಿಯ ಗುರುತು ಹೇಳಿದರು. ಮೇಸ್ತ್ರಿ ಮಾತಾಡಲಿಲ್ಲ. ಸೀಟಪ್ಪನನ್ನು ಗಾಡಿಯ ಮೇಲೆ ಕೂರಿಸಿ, ಹಿಂದೆ ಹೋಗಿ, ತಲೆ ಓರೆಮಾಡಿ ನೋಡಿದ. ಅಷ್ಟು ಏಕಾಗ್ರತೆಯಿಂದ ಆ ಭಾಗವನ್ನು ಈವರೆಗೆ ಯಾರೂ ನೋಡಿರಲಿಲ್ಲವೆಂದು ಸೀಟಪ್ಪ ನಾಚಿದ.

"ಮೆತ್ತಗೆ ಬೇಕಾ ಸಾರ್, ದೂರ ಹೋಗಕ್ಕೆ ಬೇಕಾ?"

"ಎರಡೂ."

"ಎರಡೂ ಆಗಲ್ಲ ಸಾರ್."

ಅವನು ಹೇಳಿದ್ದಿಷ್ಟು. ಕೂತಾಗ ನಮ್ಮ ಭಾರವೆಲ್ಲ ಎರಡು ಮೂಳೆಯ ಮೇಲೆ. ಮೆತ್ತನೆ ಫೋಮಾದರೆ ಮೂಳೆ ಅದನ್ನು ಅಮುಕಿಕೊಂಡು ಹೋಗಿ ಕೆಳಗಿನ ತಗಡಿಗೆ ತಾಕುತ್ತದೆ, ಸುತ್ತಲಿನ ಮಾಂಸ ಹಿಸುಕಿ ರಕ್ತ ಓಡಾಡದೆ ಜೋಮು ಹಿಡಿಯುತ್ತದೆ. ಕೆಳಗೆ ಗಟ್ಟಿ ಫೋಮು, ಮೇಲೆ ತೆಳ್ಳಗೆ ಮೆತ್ತನೆಯದು. ಹಿಂದೆ ಅಗಲ, ಕಾಲು ನೆಲಕ್ಕೆ ಎಟುಕುವಂತೆ ಮುಂದೆ ಸಪೂರ. ಟ್ಯಾಂಕಿನ ಕಡೆ ಜಾರದ ಹಾಗೆ ಮಟ್ಟ. ಹೇಳುತ್ತಲೇ ಬ್ಲೇಡಿನಿಂದ ಫೋಮು ಕೊಯ್ದ, ಹಳದಿ ಅಂಟು ಬಳಿದ, ರೆಕ್ಸಿನ್ ಎಳೆದು ಟಪಟಪನೆ ಪಿನ್ನು ಹೊಡೆದ. "ಅಂಗಡೀಲಿ ಗಟ್ಟಿ ಅನ್ಸುತ್ತೆ. ಐನೂರು ಕಿಲೋಮೀಟರ್ ಓಡಿಸ್ಬಿಟ್ಟು ಬಂದು ಬೈಯಿರಿ."

ಸೀಟಪ್ಪ ಮನೆಯಿಂದ ಆಫೀಸಿಗೆ ಮೂರು ದಿನ ಓಡಿಸಿ, ಗಟ್ಟಿ ಎಂದು ಬಿಚ್ಚಿಹಾಕಿದ. ಇದೇ ಸೀಟಪ್ಪ. ಕನ್ನಡಕ ಕೊಳ್ಳುವಾಗಲೂ ಕೆಲಸ ಹಿಡಿಯುವಾಗಲೂ ಇಂಥವರು ಹೀಗೆಯೇ, ಆ ಮಾತು ಈಗ ಬೇಡ.

ನಾಲ್ಕನೆಯದು ಗಾಳಿದಿಂಬು. ಪೂರ್ತಿ ಊದಬಾರದು, ಮೇಲೆ ಕೂತು, ಮೂಳೆ ಸೀಟಿಗೆ ಇನ್ನೇನು ತಾಕುತ್ತದೆ ಎನ್ನುವಷ್ಟು ಗಾಳಿ ಬಿಡಬೇಕು. ಸೀಟಪ್ಪ ಕೊಟ್ಟ ಕಾಸಿಗೆ ಮೋಸವಾಗಬಾರದೆಂದು ಗಂಟಲು ಉಬ್ಬಿಸಿ ಊದಿದ. ತುಮಕೂರು ರಸ್ತೆಯ ಮೊದಲ ಹಂಪಿನಲ್ಲೇ ಹೆಲ್ಮೆಟ್ ಸಮೇತ ಗಗನಗಾಮಿಯಾದ. ಅದಾದ ಮೇಲೆ ಕುರಿತುಪ್ಪಳದ ಹೊದಿಕೆ. ಅದೇನೋ ನಿಜಕ್ಕೂ ಒಳ್ಳೆಯದೇ, ಉಣ್ಣೆಯೊಳಗೆ ಗಾಳಿಯಾಡಿ ಬೆವರು ಆರುತ್ತದೆ. ಆದರೆ ಮಳೆಗಾಲದಲ್ಲಿ ಮನೆಯ ಹಜಾರ ಕುರಿಸಂತೆಯಂತೆ ನಾರತೊಡಗಿ, ಅಮ್ಮ ಅದನ್ನು ತಾರಸಿಗೆ ಅಟ್ಟಿದರು.

ಇಷ್ಟರ ನಡುವೆ ಹಿಂದಿನ ಸೀಟು ಕಂಪನಿ ಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ಈ ಗಾಡಿಯಲ್ಲಿ ಅದು ಬೇರೆಯೇ ತುಂಡು, ಅಂಗೈಯಗಲದ್ದು. ವಿಕ್ರಮಾದಿತ್ಯನ ಸಿಂಹಾಸನ ಏರಹೊರಟ ಭೋಜರಾಜನನ್ನು ಮೂವತ್ತೆರಡು ಗೊಂಬೆಗಳು ತಡೆದು ಪ್ರಶ್ನೆ ಕೇಳಿದ್ದವು. ಸೀಟಪ್ಪನನ್ನು ಕೇಳುವವಳು ಒಬ್ಬಳೇ: "ರೀ, ನನಗೆ ಮೂಳೆ ಇಲ್ವಾ?" ಆ ಒಂದಕ್ಕೇ ಅವನ ಬಳಿ ಉತ್ತರವಿಲ್ಲ. ಅವಳೀಗ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಇವನಿಗಿಂತ ಮೊದಲೇ ತಲುಪಿ, ಕೂತು ಕಾಫಿ ಕುಡಿಯುತ್ತಿರುತ್ತಾಳೆ.

ಕಳೆದ ಅವರೆಕಾಯಿ ಕಾಲದಲ್ಲಿ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಹಿತಕಿದ ಬೇಳೆಗೆ ಮೂರು ಕೆಜಿ ಕಾಯಿ ಬಿಡಿಸುವ ಯಜ್ಞ. ಅಮ್ಮ ಮಂಡಿನೋವಿನವರು. ಮಣೆಯ ಮೇಲೆ ಜೆ.ಸಿ. ರಸ್ತೆಯ ಆ ಸೀಟನ್ನಿಟ್ಟು ಕೂತಿದ್ದರು. ಅವರು ಫೋನಿಗೆಂದು ಎದ್ದಾಗ ಸೀಟಪ್ಪ ಆ ಜಾಗದಲ್ಲಿ ಕೂತು ಕಾಯಿ ಬಿಡಿಸತೊಡಗಿದ. ಫೋನಿನಲ್ಲಿದ್ದವರು ಶಿವಮೊಗ್ಗದ ಚಿಕ್ಕಮ್ಮ, ಬೇಗ ಮುಗಿಯುವ ಮಾತಲ್ಲ. ಒಂದೂವರೆ ಗಂಟೆಯಾದ ಮೇಲೆ ಸೀಟಪ್ಪ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಕಲ್ಲಾದ.

"ಏನೋ, ಹುಳ ಸಿಕ್ತಾ?" ಎಂದರು ಅಮ್ಮ.

"ನೋವಿಲ್ಲ," ಎಂದ.

ಎದ್ದವನೇ ಸ್ಪ್ಯಾನರ್ ತರಲು ಓಡಿದ. ಬರುವಷ್ಟರಲ್ಲಿ ಅಮ್ಮ ಅದರ ಮೇಲೆ ಕೂತಾಗಿತ್ತು. "ಇದು ನಂದು ಕಣೋ. ಎರಡು ವರ್ಷದಿಂದ ಕೂತಿದೀನಿ."

ಶನಿವಾರ ಅವನ ಜೊತೆ ಜೆ.ಸಿ. ರಸ್ತೆಗೆ ಹೋಗಿದ್ದೆ. ಮೇಸ್ತ್ರಿಗೆ ಮುಖ ನೆನಪಿರಲಿಲ್ಲ, ಹಿಂದೆ ನಿಂತು ನೋಡಿದ ಕೂಡಲೇ ಗುರುತು ಸಿಕ್ಕಿತು. "ಒಂದು ಮಾಡ್ಕೊಟ್ಟಿದ್ನಲ್ಲ ಸಾರ್, ಏನಾಯ್ತು ಅದು?"

ಸೀಟಪ್ಪ ತಲೆತಗ್ಗಿಸಿ ಹೇಳಿದ: "ಅಮ್ಮ ಬಿಟ್ಟುಕೊಡ್ತಿಲ್ಲ."